ಮೂಕಿ ಚಿತ್ರಕ್ಕೆ ಧ್ವನಿಪಟ್ಟಿ

ಸುಟ್ಟ ಫಿಲ್ಮಿನ ತುಂಡನ್ನು ಕೋಡುಬಳೆ ತಟ್ಟೆಯ ಪಕ್ಕದಲ್ಲೇ ಇಟ್ಟೆ. ಬೇಕೆಂದೇ ಅಲ್ಲಿಟ್ಟೆ.

ಕೃಷ್ಣಪ್ರಸಾದ ಒಂದು ಕೋಡುಬಳೆ ಎತ್ತಿಕೊಂಡ. ತುಂಡನ್ನು ನೋಡಿದ. ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡ.

“ಏನಕ್ಕಾ, ಕಸ ತಂದು ಟೇಬಲ್ ಮೇಲೆ ಹಾಕ್ತಿದೀರ?”

“ಕಸ ಅಲ್ಲ. ಕಾಮತ್ ಮಾಮನ ಜೊತೆ ಬೆಂದಿದ್ದು.”

ಅಗಿಯುವುದು ನಿಂತಿತು. ಆಗ ನನಗೆಷ್ಟು ಖುಷಿಯಾಯಿತೆಂದು ಬರೆದರೆ ಕೆಟ್ಟ ಹೆಂಗಸು ಎನ್ನುತ್ತೀರಿ. ಅನ್ನಿ, ಪರವಾಗಿಲ್ಲ. ನನ್ನ ತಂಗಿ ಲೀಲಾಳ ಕೊರಳಿಗೆ ತಾಳಿ ಕಟ್ಟಿದ ಗಳಿಗೆಯಿಂದ ಈ ಮನುಷ್ಯನನ್ನು ಕಂಡರೆ ನನಗಾಗದು. ಎದುರಿಗೆ ‘ನೀವು’ ಅನ್ನುತ್ತೇನೆ, ಮನಸ್ಸಿನಲ್ಲಿ ‘ಅವನು’. ಇಲ್ಲಿ ಮನಸ್ಸಿನಲ್ಲಿರುವುದನ್ನೇ ಬರೆಯುತ್ತಿದ್ದೇನೆ.

ಅಡುಗೆಮನೆಯಿಂದ ಎಣ್ಣೆಯ ಸದ್ದು ಬರುತ್ತಿತ್ತು. ಲೀಲಾ ಎರಡನೇ ಒಬ್ಬೆ ಕರಿಯುತ್ತಿದ್ದಳು.

ಕೇಸನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ: ಹೋದ ಗುರುವಾರ ಸಂಜೆ ನೈರೋಬಿಯ ಪಂಗಾನಿ ಬಡಾವಣೆಯ ಹಳೇ ಟಾಕೀಸಿನ ಪ್ರೊಜೆಕ್ಟರ್ ಕೋಣೆಯಲ್ಲಿ ಅದರ ಮಾಜಿ ಮ್ಯಾನೇಜರ್ ಚಿದಾನಂದ ಕಾಮತ್ ಜೀವಂತ ಸುಟ್ಟುಹೋದರು, ಜಗಳವಾಡಿ ಸಿಗರೇಟು ಎಸೆದು ಕೊಂದನೆಂದು ಕಾವಲುಗಾರ ಆಲ್ಫ್ರೆಡ್‌ನನ್ನು ಹಿಡಿದಿದ್ದಾರೆ, ನಾಳೆ ಬೆಳಿಗ್ಗೆ ಅವನ ಮೇಲೆ ಕೊಲೆ ಆರೋಪ ಹೊರಿಸುತ್ತಾರೆ. ಕೊಲೆಗೆ ಈ ದೇಶದಲ್ಲಿ ಗಲ್ಲು.

ಬೆಳಿಗ್ಗೆ ಠಾಣೆಯಲ್ಲಿ ಆಲ್ಫ್ರೆಡ್‌ನನ್ನು ನೋಡಿ ಬಂದಿದ್ದೆ. ಒಂದು ಕಣ್ಣು ಊದಿ ಮುಚ್ಚಿಕೊಂಡಿತ್ತು. ಎರಡೂ ಅಂಗೈ ಸುಟ್ಟು ತೊಗಲು ಸುಲಿದಿತ್ತು. ಬೆಂಕಿಗೆ ಕೈಹಾಕಿ ಮುದುಕನನ್ನು ಎಳೆದು ತಂದವನು ಅವನೇ. ಆ ಕೈಗಳನ್ನೇ ಪೊಲೀಸರು ಸಾಕ್ಷಿ ಎನ್ನುತ್ತಿದ್ದರು. ಬೆಂಕಿ ಹಚ್ಚದಿದ್ದರೆ ಕೈ ಹೇಗೆ ಸುಟ್ಟಿತು ಎಂದು ಕೇಳಿ ಕೇಳಿ ಅದೇ ಕೈಗೆ ಹೊಡೆದಿದ್ದರು. ಅವನ ಹೆಂಡತಿ ಹೆಲನ್ ಹೊರಗೆ ಉಗಾಲಿಯ, ಜೋಳದ ಮುದ್ದೆಯ, ಡಬ್ಬಿ ಹಿಡಿದು ಮೂರನೇ ದಿನ ನಿಂತಿದ್ದಳು. ಅವಳನ್ನು ಒಳಗೆ ಬಿಟ್ಟಿರಲಿಲ್ಲ. ಬಿಟ್ಟಿದ್ದರೂ ಆ ಕೈಯಲ್ಲಿ ಅವನು ತುತ್ತು ಎತ್ತುವ ಹಾಗಿರಲಿಲ್ಲ.

ಇನ್ಸ್‌ಪೆಕ್ಟರ್ ಮುಟುಕು ಕೆಟ್ಟವನಲ್ಲ, ಸೋಮಾರಿ. ನಕಲಿ ಮಲೇರಿಯಾ ಮಾತ್ರೆಯ ಕೇಸಿನಲ್ಲಿ ನನ್ನಿಂದಲೇ ಅವನಿಗೆ ಬಡ್ತಿ ಸಿಕ್ಕಿತ್ತು. ನಾನು ಔಷಧಿ ಕಾರ್ಖಾನೆಯ ಕ್ವಾಲಿಟಿ ಕಂಟ್ರೋಲ್‌ನವಳು. ಚೀಟಿಯಲ್ಲಿ ಬರೆದದ್ದು ಮಾತ್ರೆಯೊಳಗೆ ಇದೆಯೋ ಇಲ್ಲವೋ ನೋಡುವುದು ನನ್ನ ಹೊಟ್ಟೆಪಾಡು.

“ಮಾಮಾ ಭಾನು,” ಎಂದಿದ್ದ ಮುಟುಕು, ಇಲ್ಲಿ ‘ಅಮ್ಮಾ’ ಎನ್ನಲು ‘ಮಾಮಾ’ ಎನ್ನುತ್ತಾರೆ, “ನಿಮ್ಮ ಹತ್ತಿರ ಬೇರೆ ಹೆಸರಿದ್ದರೆ ಇವತ್ತು ಸಂಜೆಯೊಳಗೆ ಕೊಡಿ. ನಾನೇ ಫೋನ್ ಮಾಡ್ತೀನಿ. ಹೆಸರಿಲ್ಲ ಅಂದ್ರೆ ನನಗೆ ಇವನೇ ಸಾಕು.”

ನನ್ನ ಹತ್ತಿರ ಹೆಸರಿತ್ತು. ಅದು ನನ್ನೆದುರಿಗೆ ಕೂತು ಕೋಡುಬಳೆ ತಿನ್ನುತ್ತಿತ್ತು.

“ಎತ್ತಿ ನೋಡಿ,” ಎಂದೆ. “ನೀವೇ ತಾನೆ ಚೀನೀ ಸಿನಿಮಾದ ಪಂಡಿತರು.”

ಅವನಿಗೆ ಈ ಮಾತು ಸಾಕು. ಕನ್ನಡಕ ಏರಿಸಿ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದ. ಲೊರೆಶೋ ಬಡಾವಣೆಯ ಇವರ ಈ ಬಂಗಲೆಯಲ್ಲಿ ಕಿಟಕಿಗಳಿಗೇನೂ ಬರವಿಲ್ಲ. ಅಂತಾರಾಷ್ಟ್ರೀಯ ಸಂಸ್ಥೆಯ ಸಲಹೆಗಾರನಿಗೆ ಬಾಡಿಗೆಯನ್ನೂ ಸಂಸ್ಥೆಯೇ ಕೊಡುತ್ತದೆ.

“ಹಾಂಗ್‌ಕಾಂಗ್ ಪ್ರಿಂಟ್,” ಎಂದ. “ಎಪ್ಪತ್ತರ ದಶಕದ್ದು. ನೋಡಿ, ಕೆಳಗಡೆ ಎರಡು ಲೈನ್ ಸಬ್‌ಟೈಟಲ್, ಒಂದು ಚೈನೀಸ್, ಒಂದು ಇಂಗ್ಲಿಷ್. ಬ್ರಿಟಿಷರ ಕಾಲದ ಪದ್ಧತಿ. ಈ ಅಂಚಲ್ಲಿ ಅಲೆ ಅಲೆ ಗೆರೆ ಇದ್ಯಲ್ಲ, ಅದು ಸೌಂಡ್‌ಟ್ರ್ಯಾಕ್.”

“ಧ್ವನಿಪಟ್ಟಿ.”

“ಹ್ಞೂಂ, ಮಾತು, ಮ್ಯೂಸಿಕ್, ಗುದ್ದಿನ ಸದ್ದು ಎಲ್ಲಾ ಅದರಲ್ಲೇ ಇರುತ್ತೆ. ಕಾಮತ್ ಮಾಮನ ಹತ್ರ ಇಂಥವು ರಾಶಿ ಇತ್ತಲ್ಲ.”

“ಯಾವ ಡಬ್ಬೀಲಿ ಸಿಕ್ತು ಗೊತ್ತಾ? ‘ಶಾಂಘೈ’ ಅಂತ ಬರೆದಿದ್ದ ಡಬ್ಬೀಲಿ.”

ಅವನ ಕೈ ಹಾಗೇ ನಿಂತಿತು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಕಾಮತ್, ಇಲ್ಲಿನ ಕನ್ನಡದವರಿಗೆಲ್ಲ ಮಾಮ, ಉಡುಪಿ ಕಡೆಯಿಂದ ಈ ಊರಿಗೆ ಬಂದು ಟಾಕೀಸು ನಡೆಸಿದವರು. ಹಾಂಗ್‌ಕಾಂಗಿನ ಹೊಡೆದಾಟದ ಚಿತ್ರ ಹಾಕಿದರೆ ಪಂಗಾನಿ, ನ್ಗಾರಾದ ಜನವೆಲ್ಲ ಗೇಟು ಮುರಿದು ನುಗ್ಗುತ್ತಿತ್ತಂತೆ. ವಿಡಿಯೋ ಬಂದು ಟಾಕೀಸು ಮುಚ್ಚಿತು. ಈಗ ಅಲ್ಲಿ ಚರ್ಚಿದೆ. ಮಾಮನಿಗೆ ಹಿಂದಿನ ಪ್ರೊಜೆಕ್ಟರ್ ಕೋಣೆಯನ್ನು ಮಾತ್ರ ಬಿಟ್ಟುಕೊಟ್ಟಿದ್ದರು. ಹಳೇ ಪ್ರಿಂಟುಗಳ ನಡುವೆ ಕುರ್ಚಿ ಹಾಕಿಕೊಂಡು ಮಧ್ಯಾಹ್ನವೆಲ್ಲ ಅಲ್ಲೇ ಇರುತ್ತಿದ್ದರು.

ಆ ರಾಶಿಯಲ್ಲಿ ಒಂದೇ ಒಂದು ರತ್ನವಿತ್ತು. ‘ಉಪ್ಪಿನ ಹಾದಿಯ ಕತ್ತಿ’ ಎಂಬ ಶಾಂಘೈ ಚಿತ್ರ, ಮಾತು ಬರುವ ಮುಂಚಿನ ಕಾಲದ್ದು. ಹೋದ ವರ್ಷ ಮೊಜಾಂಬಿಕಿನ ಬಂದರೊಂದರಲ್ಲಿ ಚೀನೀ ವರ್ತಕರ ಕ್ಲಬ್ಬು ಮುಚ್ಚಿದಾಗ ಯಾರೋ ಮಾಮನ ಕೈಗಿಟ್ಟು ಹೋಗಿದ್ದರು. ಲೋಕದಲ್ಲಿ ಬೇರೆಲ್ಲೂ ಅದರ ಪ್ರತಿ ಉಳಿದಿರಲಿಲ್ಲ.

ಯಾಕೆ ಉಳಿದಿಲ್ಲ ಎನ್ನುವುದನ್ನು ಕೃಷ್ಣಪ್ರಸಾದನ ಬಾಯಿಂದಲೇ ಕೇಳಿದ್ದೆ, ಅದೂ ಅದೇ ಗುರುವಾರ, ನನ್ನ ಕಾರಿನಲ್ಲಿ, ವೈಯಾಕಿ ವೇಯ ಟ್ರಾಫಿಕ್ ಜಾಮಿನಲ್ಲಿ ಕೂತು. ಪಂಗಾನಿಯ ಪಕ್ಕದ ನ್ಗಾರಾದ ಸಭಾಂಗಣದಲ್ಲಿ ಅವತ್ತು ಸಂಜೆ ಅವನ ಭಾಷಣವಿತ್ತು. ಅವರ ಕಾರನ್ನು ಲೀಲಾ ಭಾಷಣಕ್ಕೆ ಮಾಮನನ್ನು ಕರೆತರಲು ಒಯ್ದಿದ್ದಳು, ಹಾಗಾಗಿ ಇವನು ನನ್ನ ತಲೆಗೆ ಬಿದ್ದಿದ್ದ. ಮಟಾಟು ವ್ಯಾನುಗಳು ಫುಟ್‌ಪಾತ್ ಹತ್ತಿ ಹೋಗುತ್ತಿದ್ದವು, ಇವನು ಚೀನಾ ಹತ್ತಿ ಕೂತಿದ್ದ. ೧೯೦೫ರಲ್ಲಿ ಬೀಜಿಂಗಿನ ಫೋಟೋ ಅಂಗಡಿಯವನೊಬ್ಬ ನಾಟಕದ ನಟನನ್ನು ಅಂಗಳದಲ್ಲಿ ನಿಲ್ಲಿಸಿ ಮೊದಲ ಚಿತ್ರ ತೆಗೆದದ್ದು. ಆಮೇಲೆ ಶಾಂಘೈ ಸ್ಟುಡಿಯೋಗಳು. ಕತ್ತಿ ಹಿಡಿದು ಹಾರುವ ಹೆಣ್ಣುಗಳ ಚಿತ್ರಗಳಿಗೆ ಊರೆಲ್ಲ ಹುಚ್ಚಾಗಿ, ಮಕ್ಕಳು ಮನೆಬಿಟ್ಟು ಬೆಟ್ಟಕ್ಕೆ ಓಡತೊಡಗಿ, ಸರ್ಕಾರ ಅವನ್ನೆಲ್ಲ ನಿಷೇಧಿಸಿದ್ದು. ಜಪಾನಿನ ಬಾಂಬು. ಮಾವೋ ಕಾಲದಲ್ಲಿ ಹತ್ತು ವರ್ಷ ಬೆರಳೆಣಿಕೆಯ ಕ್ರಾಂತಿ ನಾಟಕಗಳನ್ನೇ ಜನರಿಗೆ ತೋರಿಸಿ ತೋರಿಸಿ ಸಾಕುಮಾಡಿದ್ದು. ಆಮೇಲೆ ಸಿನಿಮಾ ಶಾಲೆ ಮತ್ತೆ ತೆರೆದು, ಹಳ್ಳಿಗಳಲ್ಲಿ ಮಣ್ಣು ಹೊತ್ತು ಬಂದ ಹುಡುಗ ಹುಡುಗಿಯರು ಲೋಕವೇ ತಿರುಗಿ ನೋಡುವ ಚಿತ್ರ ತೆಗೆದದ್ದು. ಅಷ್ಟರಲ್ಲಿ ಹಾಂಗ್‌ಕಾಂಗಿನ ಮುಷ್ಟಿಗಳು ಪಂಗಾನಿಗೂ ಬಂದಾಗಿತ್ತು.

ಚೆನ್ನಾಗಿಯೇ ಹೇಳಿದ. ಒಪ್ಪಿಕೊಳ್ಳುತ್ತೇನೆ. ಕೇಳುತ್ತ ಕೇಳುತ್ತ ಜಾಮು ಮರೆತೇ ಹೋಗಿತ್ತು.

“ಶಾಂಘೈ ಡಬ್ಬೀಲಿ ಹಾಂಗ್‌ಕಾಂಗ್ ಫಿಲ್ಮಾ?” ಎಂದ ಈಗ ಮೆಲ್ಲಗೆ.

“ಮೂಕಿ ಚಿತ್ರಕ್ಕೆ ಧ್ವನಿಪಟ್ಟಿ ಎಲ್ಲಿಂದ ಬಂತು ಕೃಷ್ಣಪ್ರಸಾದ್? ಗುರುವಾರ ಸುಟ್ಟಿದ್ದು ಶಾಂಘೈ ಚಿತ್ರ ಅಲ್ಲ.”

“ಅಂದ್ರೆ… ಅದು ಇದೆಯಾ?”

“ಇದೆ.”

ಅಡುಗೆಮನೆಯಲ್ಲಿ ಜಾಲರಿ ಸೌಟು ಬಾಣಲೆಗೆ ತಗುಲಿದ ಸದ್ದಾಯಿತು.

ಕೃಷ್ಣಪ್ರಸಾದನ ಮುಖ ನೋಡಿದೆ. ಭಯವನ್ನು ಹುಡುಕುತ್ತಿದ್ದೆ. ಅಲ್ಲಿದ್ದದ್ದು ಬೇರೆ. ಕೈಗೆ ಪಟಾಕಿ ಸಿಕ್ಕ ಮಗುವಿನ ಹಾಗೆ ಮುಖ ಅರಳಿತ್ತು. ಥೂ, ಏನು ನಟನೆ ಎಂದುಕೊಂಡೆ.

“ಎಲ್ಲಿದೆ ಅಕ್ಕಾ? ಎಲ್ಲಿ? ನೀವು ನೋಡಿದ್ರಾ?”

“ಮಾಮ ಅದನ್ನ ಮನೆ ಫ್ರಿಜ್‌ನಲ್ಲಿಟ್ಟಿದ್ರು. ಮೊಸರಿನ ಪಾತ್ರೆ ಕೆಳಗೆ. ಆ ಕಾಲದ ಫಿಲ್ಮಿಗೆ ತಂಪು ಬೇಕು, ಇಲ್ಲಾಂದ್ರೆ ತಾನಾಗೇ ಉರಿದುಹೋಗೋ ಜಾತಿ ಅದು. ಕಳ್ಳರಿಗೆ ಇರ್ಲಿ ಅಂತ ಖಾಲಿ ಡಬ್ಬಿಗೆ ಹೊಡೆದಾಟದ ರೀಲು ತುಂಬಿ ಕೋಣೇಲಿಟ್ಟಿದ್ರು. ಈಗ ನಮ್ಮ ಫ್ಯಾಕ್ಟರಿ ಕೋಲ್ಡ್ ರೂಮಲ್ಲಿದೆ.”

ಆಮೇಲೆ ಒಂದೊಂದಾಗಿ ಹೇಳಿದೆ. ಹಳೇ ನೈಟ್ರೇಟ್ ಫಿಲ್ಮು ಮದ್ದಿನಪುಡಿಯ ದಾಯಾದಿ, ಕಿಡಿ ಸಾಕು, ನೀರಿನೊಳಗೂ ಉರಿಯುತ್ತದೆ, ಉರಿದ ಮೇಲೆ ಒಂದು ಚಿಟಿಕೆ ಬೂದಿಯಷ್ಟೇ. ಆದರೆ ಆ ಡಬ್ಬಿಯಲ್ಲಿದ್ದದ್ದು ಸೀದ ಬೆಲ್ಲದ ಪಾಕದಂಥ ಕರೀ ಮುದ್ದೆ. ಅದು ಆಮೇಲಿನ ಕಾಲದ ಫಿಲ್ಮು, ಸಿಗರೇಟಿಗೆ ಹತ್ತಿಕೊಳ್ಳುವುದಿಲ್ಲ. ಹಲಗೆಗಳ ಸಂದಿಯಿಂದ ಕೆರೆದು ತಂದ ಮಸಿಯನ್ನು ಲ್ಯಾಬಿನಲ್ಲಿ ನೋಡಿದೆ, ಸೀಮೆಎಣ್ಣೆ.

“ಸಿಗರೇಟಿಂದ ಹತ್ಕೊಳ್ತು, ಭಗ್ ಅಂತ ಕ್ಷಣದಲ್ಲಿ ಹೊತ್ತು ಉರೀತು ಅಂತ ಸ್ಟೇಟ್‌ಮೆಂಟ್ ಕೊಟ್ಟಿದ್ದು ಅಲ್ಲಿದ್ದ ಲೀಲಾ. ಅದು ಪುಸ್ತಕದಲ್ಲಿ ಓದಿದ ಬೆಂಕಿ. ಕಣ್ಣಲ್ಲಿ ನೋಡಿದ ಬೆಂಕಿ ಅಲ್ಲ. ಅವಳಿಗೆ ಪುಸ್ತಕದ್ದನ್ನ ಹೇಳಿಕೊಟ್ಟೋರು ಯಾರು?”

ಅವನು ಇನ್ನೊಂದು ಕೋಡುಬಳೆ ಮುರಿದ.

“ಇನ್ನೊಂದು. ಆ ಕೋಣೆಗೆ ಕಬ್ಬಿಣದ ಬಾಗಿಲು. ಚಿಲಕ ಹೊರಗಡೆ. ಅದು ತೆರೆದೇ ಇತ್ತು, ಮಾಮನಿಗೆ ಹೊಗೆಯಲ್ಲಿ ದಾರಿ ಕಾಣಲಿಲ್ಲ ಅಂತ ಪೊಲೀಸರು. ಆ ಚಿಲಕದ ಮೇಲೆಲ್ಲ ಮಸಿ ಹತ್ತಿದೆ. ತುದಿಯಲ್ಲಿ ಎರಡು ಬೆರಳಿನಷ್ಟು ಮಾತ್ರ ಹೊಳೀತಿದೆ. ಯಾಕೆ ಹೇಳಿ? ಬೆಂಕಿ ಉರಿಯೋವಾಗ ಅಷ್ಟು ಭಾಗ ಚೌಕಟ್ಟಿನ ಗೂಡಿನೊಳಗಿತ್ತು. ಯಾರೋ ಹಾಕಿದ್ರು. ಆಮೇಲೆ ತೆಗೆದ್ರು.”

“ಅಯ್ಯೋ,” ಎಂದ ಕೃಷ್ಣಪ್ರಸಾದ. ಕೈಯಲ್ಲಿದ್ದ ಕೋಡುಬಳೆ ಚೂರನ್ನು ತಟ್ಟೆಗೆ ಹಾಕಿದ.

“ಅಯ್ಯೋ ಅನ್ನೋದು ಆಮೇಲೆ. ನಿಮ್ಮ ಚೀನೀ ಸಿನಿಮಾ ಪುಸ್ತಕದ ಕೊನೇ ಚಾಪ್ಟರ್ ನೆನಪಿದೆಯಾ?”

ಅವನ ಕೀರ್ತಿಯೆಲ್ಲ ಆ ಅಧ್ಯಾಯದ ಮೇಲೇ ನಿಂತಿತ್ತು. ಆ ಶಾಂಘೈ ಚಿತ್ರದಲ್ಲಿ ನಟಿಸಿದ್ದ ಮುದುಕಿಯೊಬ್ಬಳು ಹಾಂಗ್‌ಕಾಂಗಿನಲ್ಲಿ ಸಿಕ್ಕಿ, ಕಳೆದುಹೋದ ಚಿತ್ರದ ಕೊನೆಯನ್ನು ಹೇಳಿದಳಂತೆ: ನಾಯಕಿ ಕತ್ತಿಯನ್ನು ಗಂಡನ ಪಾದದ ಬಳಿ ಇಟ್ಟು ಅತ್ತೆಗೆ ಚಹಾ ಕೊಡುತ್ತಾಳೆ. ಚೀನೀ ಸಿನಿಮಾ ಹುಟ್ಟಿದಾಗಿನಿಂದ ಹೆಣ್ಣಿನ ಕೈಯಿಂದ ಕತ್ತಿ ಕಸಿಯುತ್ತಲೇ ಬಂದಿದೆ ಎಂಬ ಸಿದ್ಧಾಂತ ಅಲ್ಲಿಂದ. ಮುಂದಿನ ವಾರದ ಚೀನೀ ಸಿನಿಮಾ ಸಪ್ತಾಹದಲ್ಲಿ ಅದಕ್ಕೇ ಅವನಿಗೆ ಪದಕ. ಈ ೨೦೦೬ರಲ್ಲಿ ನೈರೋಬಿಯಲ್ಲಿ ರಸ್ತೆ, ಅಂಗಡಿ, ಸಭೆ ಎಲ್ಲ ಕಡೆ ಚೀನೀಯರೇ. ಅವರ ಚಿತ್ರಭಂಡಾರದವರು ಮಾಮನ ರೀಲು ನೋಡಲೆಂದೇ ಬರುವವರಿದ್ದರು.

“ಲೆನ್ಸ್ ಇಟ್ಟು ಕೊನೇ ರೀಲು ನೋಡಿದೆ,” ಎಂದೆ. “ಗಂಡನೂ ಇಲ್ಲ, ಅತ್ತೇನೂ ಇಲ್ಲ, ಚಹಾನೂ ಇಲ್ಲ. ಹೆಂಗಸು ಉಪ್ಪಿನ ಬಯಲಲ್ಲಿ ನಡೆದು ಹೋಗ್ತಾಳೆ. ಕತ್ತಿ ಅವಳ ಕೈಯಲ್ಲೇ ಇದೆ. ನಿಮ್ಮ ಮುದುಕಿ ಸುಳ್ಳು, ನಿಮ್ಮ ಪದಕ ಸುಳ್ಳು. ಮಾಮನಿಗೆ ಅದು ಗೊತ್ತಿತ್ತು. ಅದಕ್ಕೇ ಫಿಲ್ಮನ್ನೂ ಸುಟ್ರಿ, ಅವರನ್ನೂ ಸುಟ್ರಿ.”

“ನಾನಾ?” ಎಂದ. “ನಾನು ನಿಮ್ಮ ಕಾರಲ್ಲಿದ್ನಲ್ಲಾ!”

ಈ ಮಾತಿಗೇ ನಾನು ಕಾದಿದ್ದೆ.

“ವೆಸ್ಟ್‌ಲ್ಯಾಂಡ್ಸ್ ತನಕ ಇದ್ರಿ. ಆಮೇಲೆ ‘ನಡ್ಕೊಂಡೇ ಹೋಗ್ತೀನಿ’ ಅಂತ ಇಳಿದು ಹೋದ್ರಿ. ನಾನು ನ್ಗಾರಾ ತಲುಪಿದಾಗ ಕತ್ತಲಾಗಿತ್ತು. ನೀವು ಬೆವರು ಒರೆಸ್ಕೊಂಡು ಗೇಟಲ್ಲಿ ಬರ್ತಾ ಇದ್ರಿ. ಪೊಲೀಸರಿಗೆ ಮಾತ್ರ ಪೂರ್ತಿ ದಾರಿ ಅಕ್ಕನ ಜೊತೆ ಬಂದೆ ಅಂದಿದೀರಿ. ನನ್ನನ್ನ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಇವತ್ತು ಕೇಳ್ತಾರೆ.”

ಅವನು ತಲೆ ತಗ್ಗಿಸಿದ. ಕಿವಿ ಕೆಂಪಾಗಿತ್ತು. ಸಿಕ್ಕಿಬಿದ್ದ ಎಂದುಕೊಂಡೆ.

“ಮ್ಯೂಸಿಯಂ ಹಿಲ್ ಹತ್ರ ಪೆಟ್ರೋಲ್ ಬಂಕ್ ಇದೆಯಲ್ಲ,” ಎಂದ ಕೊನೆಗೆ, “ಅದರ ಹಿಂದೆ ನಿಂತು ಭಾಷಣ ಬಾಯಿಪಾಠ ಮಾಡ್ತಿದ್ದೆ.”

“ಏನು?”

“ಲೀಲಾ ಬರೆದುಕೊಟ್ಟಿದ್ದು. ನನಗೆ ಅರ್ಧನೂ ಬಂದಿರಲಿಲ್ಲ. ಕಾರಲ್ಲಿ ನಿಮ್ಮ ಮುಂದೆ ಹೇಳಿದೆನಲ್ಲ, ಅಷ್ಟೇ ಬಾಯಿಗೆ ಬಂದಿದ್ದು. ಮಿಕ್ಕಿದ್ದನ್ನ ನಿಮ್ಮ ಮುಂದೆ ಚೀಟಿ ತೆಗೆದು ಓದೋಕೆ ನಾಚಿಕೆ ಆಯ್ತು.”

ನಗು ಬಂತು. ಆ ಹೊತ್ತಿನಲ್ಲೂ ಬಂತು, ಏನು ಮಾಡಲಿ. ಆಮೇಲೆ ನಿಂತುಹೋಯಿತು.

“ಆ ಮುದುಕಿ? ಹಾಂಗ್‌ಕಾಂಗಿನ ನಟಿ?”

“ಲೀಲಾನೇ ಹೋಗಿದ್ದು. ನನಗೆ ಆಗ ಆಡಿಟ್ ಇತ್ತು. ವಾಪಸ್ ಬಂದು ಆ ಚಾಪ್ಟರ್ ಬರೆದಳು. ನಾನು ಓದಿ ಅತ್ತುಬಿಟ್ಟೆ ಅಕ್ಕಾ. ಅಷ್ಟು ಚೆನ್ನಾಗಿತ್ತು.”

“ಪುಸ್ತಕ ಪೂರ್ತಿ?”

“ಕವರ್ ಮೇಲಿನ ಫೋಟೋ ನಂದು,” ಎಂದ.

ಆ ಪುಸ್ತಕದ ಮೊದಲ ಪುಟದಲ್ಲಿ ನನ್ನ ತಂಗಿಗೆ ಒಂದು ಸಾಲಿದೆ: ತಾಳ್ಮೆಯಿಂದ ಟೈಪ್ ಮಾಡಿದ ಪತ್ನಿಗೆ. ಅದನ್ನು ಓದಿ ಇವನನ್ನು ವರ್ಷಗಟ್ಟಲೆ ಬೈದವಳು ನಾನು. ಅದರ ಆಚೆಗೆ ಒಂದು ಹೆಜ್ಜೆ ಯೋಚಿಸಿರಲಿಲ್ಲ. ಇವನೇ ಆಗಿರಲಿ, ಇವನೇ ಆಗಿರಲಿ ಎಂದು ಇಷ್ಟು ದಿನ ಮನಸ್ಸು ಜಪ ಮಾಡುತ್ತಿತ್ತು.

ಸ್ಟೌ ಆರಿಸಿದ ಸದ್ದಾಯಿತು. ಲೀಲಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಕಾಫಿ ಲೋಟಗಳನ್ನು ಇಟ್ಟಳು, ನನ್ನದಕ್ಕೆ ಸಕ್ಕರೆ ಕಮ್ಮಿ, ಅವನದಕ್ಕೆ ಜಾಸ್ತಿ. ಸುಟ್ಟ ತುಂಡನ್ನು ಎತ್ತಿ ನೋಡಿದಳು.

“ಹೊಡೆದಾಟದ್ದಾ ಸುಟ್ಟಿದ್ದು?” ಎಂದಳು. “ಛೆ.”

ಅವಳ ಕೈಯಿಂದ ತುಂಡನ್ನು ಕಿತ್ತುಕೊಂಡೆ.

“ಲೀಲಾ, ಗುರುವಾರ ನೀನು ಮಾಮನಿಗೆ ಊಟ ತಗೊಂಡು ಹೋಗಿದ್ದೆ.”

“ಹ್ಞೂಂ. ಅನ್ನ, ದಾಳಿತೋಯ. ಅವರ ಕಡೆ ಥರಾನೇ ಮಾಡಿದ್ದೆ, ಇಂಗು ಹಾಕಿ. ಎರಡು ಸಲ ಹಾಕಿಸ್ಕೊಂಡ್ರು.”

“ಆಮೇಲೆ?”

“ಕುರ್ಚಿಯಲ್ಲೇ ಮಲಗಿದ್ರು. ಆಲ್ಫ್ರೆಡ್‌ನ ಸೋಡಾ ತಾ ಅಂತ ಕಳಿಸಿದೆ. ನೀರಿನ ಬಾಟ್ಲಲ್ಲಿ ಸೀಮೆಎಣ್ಣೆ ತಗೊಂಡು ಹೋಗಿದ್ದೆ.” ಸೊಪ್ಪಿನ ಬೆಲೆ ಹೇಳುವ ದನಿಯಲ್ಲಿ ಹೇಳಿದಳು. “ಕೂತ್ಕೊಳ್ಳಕ್ಕಾ, ನಿಂತೇ ಕೇಳ್ತೀಯಾ?”

ನಾನು ಎದ್ದು ನಿಂತಿದ್ದೇನೆಂದು ನನಗೇ ಗೊತ್ತಿರಲಿಲ್ಲ.

“ಊಟ ಹಾಕಿ ಬೆಂಕಿ ಹಚ್ಚಿದೆಯಾ? ನಿನ್ನ ‘ಮಗಾ’ ಅಂತಿದ್ದ ಮನುಷ್ಯನಿಗೆ?”

“ಹೋದ ವಾರ ಫೋನ್ ಮಾಡಿದ್ರು. ಇವರಿಗಲ್ಲ, ನನಗೆ. ಬರೆಯೋಳು ಯಾರು ಅಂತ ಅವರಿಗೆ ಗೊತ್ತಿತ್ತು. ‘ಕೊನೇ ಅಧ್ಯಾಯ ತಪ್ಪು ಕಣಮ್ಮಾ, ತಿದ್ದಿಬಿಡು, ನಾನು ಯಾರಿಗೂ ಹೇಳಲ್ಲ’ ಅಂದ್ರು. ತೋರಿಸ್ಬೇಡಿ ಮಾಮ, ಸುಟ್ಟುಬಿಡಿ ಅಂದೆ. ನಕ್ಕರು. ‘ಎಪ್ಪತ್ತು ವರ್ಷದಿಂದ ಯಾರ ಕಣ್ಣಿಗೂ ಬೀಳದೆ ಬದುಕಿದಾಳೆ, ಅವಳನ್ನ ನಾನು ಕೊಲ್ಲಲಾ?’ ಅಂದ್ರು. ಅವರಿಗೆ ಫಿಲ್ಮಿನ ಆ ಹೆಂಗಸು ಮುಖ್ಯ. ನಾನಲ್ಲ.”

“ಆ ಹಾಂಗ್‌ಕಾಂಗ್ ಮುದುಕಿ…”

“ಸಿಗಲೇ ಇಲ್ಲ. ಸಿಕ್ತಾಳೆ ಅಂತ ಹೋದೆ. ಸತ್ತು ವರ್ಷಗಳಾಗಿತ್ತು. ಬರಿಗೈಯಲ್ಲಿ ಬರೋಕಾಗುತ್ತಾ ಅಕ್ಕಾ? ಹೋಟೆಲ್ ರೂಮಲ್ಲಿ ಕೂತು ಬರೆದೆ. ನಾನು ಬರೆದ ಕೊನೇನೇ ಚೆನ್ನಾಗಿದೆ, ಬೇಕಾದ್ರೆ ಓದಿ ನೋಡು.”

ಕೃಷ್ಣಪ್ರಸಾದ ಹೆಂಡತಿಯನ್ನು ನೋಡುತ್ತಿದ್ದ. ಬಾಯಿ ಸ್ವಲ್ಪ ತೆರೆದಿತ್ತು.

ನನಗೆ ಚಿಲಕವೊಂದೇ ಕಣ್ಣಿಗೆ ಕಟ್ಟಿತ್ತು. “ಬಾಗಿಲು?” ಎಂದೆ.

“ಹಾಕಿದೆ. ಎಚ್ಚರ ಆಗಿ ಬಂದು ತಟ್ಟಿದ್ರು.” ಲೀಲಾ ಮೊದಲ ಸಲ ಮಾತು ನಿಲ್ಲಿಸಿದಳು. “ನಾನು ಆಚೆ ಇದೀನಿ ಅಂತ ಅವರಿಗೆ ಗೊತ್ತಿತ್ತು, ಚಿಲಕ ನಾನೇ ಹಾಕಿದ್ದು ಅಂತ ಗೊತ್ತಿರಲಿಲ್ಲ. ‘ಮಗಾ, ಬಾಗಿಲು ಸಿಕ್ಕಿಹಾಕ್ಕೊಂಡಿದೆ, ಜೋರಾಗಿ ಎಳಿ’ ಅಂದ್ರು. ನಾನು ಎಳೀತಾ ಇದೀನಿ ಮಾಮ ಅಂದೆ.”

“ಲೀಲಾ!”

“ಆಮೇಲೆ ಕೆಮ್ಮು ಜಾಸ್ತಿ ಆಯ್ತು. ‘ನೀನು ಹೋಗಮ್ಮಾ, ಹೊಗೆ ಕುಡೀಬೇಡ’ ಅಂದ್ರು. ಸದ್ದು ನಿಂತ ಮೇಲೆ ಚಿಲಕ ತೆಗೆದು ಕೂಗಿಕೊಂಡೆ. ಆಲ್ಫ್ರೆಡ್ ಸೋಡಾ ಬಿಸಾಕಿ ಓಡಿಬಂದ.”

ಅವಳ ಕೆನ್ನೆಗೆ ಬಾರಿಸಿದೆ. ಅಮ್ಮ ಸತ್ತ ಮೇಲೆ ಜಡೆ ಹಾಕಿ ಬೆಳೆಸಿದವಳಿಗೆ, ಜೀವನದಲ್ಲಿ ಮೊದಲ ಸಲ, ಬಾರಿಸಿದೆ. ಅವಳು ಕೆನ್ನೆ ಮುಟ್ಟಿಕೊಳ್ಳಲಿಲ್ಲ. ನನ್ನ ಕೈ ಮಾತ್ರ ಉರಿಯುತ್ತಿತ್ತು.

“ಆಲ್ಫ್ರೆಡ್ ಏನು ಮಾಡಿದ್ದ ನಿನಗೆ? ನಿನ್ನ ಬುತ್ತಿಚೀಲ ಎತ್ತಿಕೊಂಡು ಹೋದ ಅಷ್ಟೇ ತಾನೆ? ಅವನ ಕೈ ನೋಡಿದೀಯಾ? ನೇಣು ಹಾಕ್ತಾರೆ ಅವನನ್ನ!”

“ಯಾರು ಮಾಡಿದ್ದು ಅಂತ ಪೊಲೀಸರು ಕೇಳಿದ್ರು. ಯಾರಾದ್ರೂ ಬೇಕಿತ್ತಲ್ಲಕ್ಕಾ,” ಎಂದಳು. “ಅವನು ಅಲ್ಲೇ ನಿಂತಿದ್ದ.”

ಥೂ ನಿನ್ನ ಎಂದು ಬಾಯಿಗೆ ಬಂತು. ಇವಳನ್ನು ನಾನು ಬೆಳೆಸಿದ್ದು. ಜ್ವರ ಬಂದರೆ ರಾತ್ರಿಯೆಲ್ಲ ಹಣೆಗೆ ಬಟ್ಟೆ ಹಾಕಿ ಕೂತದ್ದು ಇವಳಿಗೇ. ಒಂದು ಮಾತು ಮುಟುಕುವಿಗೆ ಹೇಳಿದರೆ ಆಲ್ಫ್ರೆಡ್ ಇಂದೇ ಮನೆಗೆ ಹೋಗುತ್ತಾನೆ, ಅವನ ಜಾಗಕ್ಕೆ ಇವಳು ಹೋಗುತ್ತಾಳೆ. ಹೇಳದಿದ್ದರೆ ನಾಳೆ ಬೆಳಿಗ್ಗೆ ಅವನಿಗೆ ಕೋರ್ಟು. ಮೂರನೇ ದಾರಿಯೇ ಇರಲಿಲ್ಲ.

ಫೋನ್ ಬಡಿದುಕೊಂಡಿತು. ಪರದೆಯ ಮೇಲೆ ಮುಟುಕುವಿನ ಹೆಸರು.

ಮೂವರೂ ಅದನ್ನೇ ನೋಡಿದೆವು. ಅದು ಕಾಫಿ ಲೋಟದ ಪಕ್ಕದಲ್ಲಿ ಅಲುಗಾಡುತ್ತಿತ್ತು.

“ಎತ್ತಕ್ಕಾ,” ಎಂದಳು ಲೀಲಾ. ಅವಳ ತುಟಿ ಬಣ್ಣಗೆಟ್ಟಿತ್ತು. ಆಗ ಗೊತ್ತಾಯಿತು, ಅವಳಿಗೂ ಹೆದರಿಕೆಯಿದೆ.

ಗುಂಡಿ ಒತ್ತಿದೆ. ಸ್ಪೀಕರಿನಲ್ಲಿ ಮುಟುಕುವಿನ ದನಿ ಕೋಣೆಯೆಲ್ಲ ತುಂಬಿತು.

“ಮಾಮಾ ಭಾನು, ಹಬಾರಿ, ಹೇಗಿದ್ದೀರಿ? ಹೆಸರು ಇದೆಯೋ ಇಲ್ಲವೋ? ನಾನು ಕಾಗದ ಮುಗಿಸಬೇಕು.”

ಅಷ್ಟರಲ್ಲಿ ಒಂದು ಕೈ ಬಂದು ಫೋನ್ ಎತ್ತಿಕೊಂಡಿತು.

“ಇನ್ಸ್‌ಪೆಕ್ಟರ್, ಕೃಷ್ಣಪ್ರಸಾದ್ ಮಾತಾಡ್ತಿದೀನಿ,” ಎಂದ ಅವನು, ಭಾಷಣ ಮಾಡುವ ದನಿಯಲ್ಲೇ. “ಆಲ್ಫ್ರೆಡ್‌ನ ಬಿಟ್ಟುಬಿಡಿ. ಕಾಮತರನ್ನ ಕೊಂದದ್ದು ನಾನು. ನನ್ನ ಪುಸ್ತಕದ ಸುಳ್ಳು ಹೊರಗೆ ಬರುತ್ತೆ ಅಂತ ಕೊಂದೆ. ಸೀಮೆಎಣ್ಣೆ ಹಾಕಿ, ಹೊರಗಿಂದ ಚಿಲಕ ಹಾಕಿದೆ. ನನ್ನ ಹೆಂಡತಿಗೆ ಸುಳ್ಳು ಹೇಳು ಅಂತ ಹೆದರಿಸಿದ್ದೂ ನಾನೇ.”

“ರೀ!” ಎಂದಳು ಲೀಲಾ.

ಅವನು ಫೋನಿನ ಬಾಯಿಗೆ ಅಂಗೈ ಮುಚ್ಚಿದ. ಹೆಂಡತಿಯ ಕಡೆ ತಿರುಗಿದ. ಅವನ ಮುಖದಲ್ಲಿ ಯಾವ ಠೀವಿಯೂ ಉಳಿದಿರಲಿಲ್ಲ.

“ನೀನು ಬರೆದಿದ್ದಕ್ಕೆಲ್ಲ ನನ್ನ ಹೆಸರೇ ಹಾಕ್ಕೊಂಡೆ,” ಎಂದ. “ಇದಕ್ಕೂ ಹಾಕ್ಕೊಳ್ತೀನಿ ಬಿಡು.”

ಫೋನನ್ನು ನನ್ನ ಕೈಗೆ ಕೊಟ್ಟ.

ಆ ಕಡೆ ಮುಟುಕು ಎಚ್ಚೆತ್ತಿದ್ದ. “ಮಾಮಾ ಭಾನು, ಇವರು ಅವತ್ತು ಪೂರ್ತಿ ದಾರಿ ನಿಮ್ಮ ಕಾರಿನಲ್ಲಿದ್ದೆ ಅಂದಿದ್ರು. ಅದು ನಿಜವಾ? ಹೌದೋ ಅಲ್ಲವೋ, ಅಷ್ಟೇ ಹೇಳಿ. ಅಲ್ಲ ಅಂದ್ರೆ ಈಗಲೇ ಹೊರಡ್ತೀನಿ, ನಿಮ್ಮ ಆಲ್ಫ್ರೆಡ್ ಇವತ್ತೇ ಮನೆಗೆ ಹೋಗ್ತಾನೆ.”

ಲೀಲಾ ನನ್ನನ್ನು ನೋಡುತ್ತಿದ್ದಳು. ಚಿಕ್ಕವಳಿದ್ದಾಗ ಲೆಕ್ಕ ತಪ್ಪಾದರೆ ಹೀಗೇ ನೋಡುತ್ತಿದ್ದಳು, ಅಕ್ಕ ತಿದ್ದುತ್ತಾಳೆ ಎಂದು.

ಸುಳ್ಳು ಹೇಳಬೇಕಾಗಿದ್ದರೆ ಹಿಂಜರಿಯುತ್ತಿದ್ದೆನೇನೋ. ಇಷ್ಟು ವರ್ಷದಲ್ಲಿ ಒಂದು ಲ್ಯಾಬ್ ರಿಪೋರ್ಟಿನಲ್ಲೂ ನಾನು ಸುಳ್ಳು ಬರೆದವಳಲ್ಲ. ಮುಟುಕು ಕೇಳುತ್ತಿದ್ದದ್ದು ನಿಜವನ್ನು. ಎದುರಿಗೆ ನಿಂತ ಗಂಡಸು ನಿರಪರಾಧಿ. ಅವನು ತಲೆಯಾಡಿಸಿ, ಹೇಳಿ ಅಕ್ಕಾ ಎಂದು ಕಣ್ಣಲ್ಲೇ ಬೇಡುತ್ತಿದ್ದ.

“ಅಲ್ಲ,” ಎಂದೆ. “ಮಧ್ಯದಲ್ಲೇ ಇಳಿದು ಹೋದರು.”

“ಎಲ್ಲಿ?”

“ವೆಸ್ಟ್‌ಲ್ಯಾಂಡ್ಸ್‌ನಲ್ಲಿ.”

“ಆಮೇಲೆ ಎಲ್ಲಿಗೆ ಹೋದರು, ನಿಮಗೆ ಗೊತ್ತಾ?”

“ನಾನು ನೋಡಲಿಲ್ಲ.” ಇದೂ ನಿಜವೇ.

“ಅಸಾಂಟೆ ಸಾನಾ, ತುಂಬಾ ಥ್ಯಾಂಕ್ಸ್, ಮಾಮಾ. ಯಾರನ್ನೂ ಗೇಟು ದಾಟಲು ಬಿಡಬೇಡಿ.” ಲೈನು ಕಡಿಯಿತು.

ಲೀಲಾ ಕುರ್ಚಿಗೆ ಕುಸಿದಳು. ಸೆರಗನ್ನು ಬಾಯಿಗೆ ತುರುಕಿಕೊಂಡು ಅಳತೊಡಗಿದಳು. ಮಾಮನಿಗಾಗಿ ಅಳದವಳು, ಆಲ್ಫ್ರೆಡ್‌ನಿಗಾಗಿ ಅಳದವಳು ಈಗ ಯಾರಿಗಾಗಿ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ. ಅವಳನ್ನು ಮುಟ್ಟಲು ನನಗೆ ಕೈ ಬರಲಿಲ್ಲ.

ಕೃಷ್ಣಪ್ರಸಾದ ಕಾಫಿಯನ್ನು ನಿಂತೇ ಕುಡಿದು ಮುಗಿಸಿದ. ಲೋಟ ಕೆಳಗಿಟ್ಟು, ಗಡಿಯಾರ ಬಿಚ್ಚಿ ಅದರ ಪಕ್ಕದಲ್ಲಿಟ್ಟ. ಕೋಣೆಯ ಬಾಗಿಲ ತನಕ ಹೋಗಿ ತಿರುಗಿ ನಿಂತ.

“ಲೀಲಾ,” ಎಂದ, “ಯಾವ ಶರ್ಟ್ ಹಾಕ್ಕೊಳ್ಳಲಿ?”

ಅವಳು ಮುಖ ಒರೆಸಿಕೊಂಡಳು. ಮೂಗು ಎಳೆದುಕೊಂಡಳು. ಆಮೇಲೆ ಎದ್ದಳು.

“ಆ ನೀಲೀದು ಹಾಕ್ಕೊಳ್ಳಿ. ಇರಿ, ಇಸ್ತ್ರಿ ಮಾಡ್ಕೊಡ್ತೀನಿ.”

ಇಬ್ಬರೂ ಒಳಗೆ ಹೋದರು. ಇಸ್ತ್ರಿಯಡಿ ಒದ್ದೆ ಬಟ್ಟೆ ಚುಂಯ್‌ಗುಟ್ಟುವ ಸದ್ದು ಕೇಳಿಸಿತು, ತೋಳು ಎತ್ತಿ ಎಂದು ಅವಳು ಹೇಳುವುದು ಕೇಳಿಸಿತು. ಹೊರಗೆ ಪೊಲೀಸ್ ಜೀಪಿನ ಹಾರನ್ನಿಗೆ ಮನೆ ಕಾಯುವ ಅಸ್ಕಾರಿ ಗೇಟು ತೆರೆಯಲು ಓಡಿದ. ನಾನು ಆ ಕೋಣೆಯ ನಡುವೆ, ನಿಜ ಹೇಳಿದ ಬಾಯಿ ಇಟ್ಟುಕೊಂಡು ನಿಂತಿದ್ದೆ.